ಬಾಲಮಂದಿರಗಳಿಂದ ಹೊರಬರುವ ಯುವಕರಿಗೆ ಅನುಪಾಲನಾ ಸೇವೆ: ಸಾರ್ವಜನಿಕ ಮಾಹಿತಿ

1. ಪೀಠಿಕೆ

1875ರ ಭಾರತೀಯ ಪ್ರಾಪ್ತ ವಯಸ್ಕತೆ ಅಧಿನಿಯಮದ ಪ್ರಕಾರ 18 ವರ್ಷ ಪೂರ್ಣಗೊಂಡ ದಿನದಿಂದ ಒಬ್ಬ ವ್ಯಕ್ತಿಯು ವಯಸ್ಕನೆನಿಸುತ್ತಾನೆ. ತಂದೆ ತಾಯಿಯರೊಡನೆ ಬೆಳೆದ ಹುಡುಗನ ಪಾಲಿಗೆ ಆ ದಿನವು ಹಿಂದಿನ ದಿನದಂತೆಯೇ ಇರುತ್ತದೆ. ಮಲಗುವ ಜಾಗ ಅದೇ, ಊಟದ ತಟ್ಟೆ ಅದೇ. ಕಾನೂನು ಅವನನ್ನು ವಯಸ್ಕನೆಂದು ಕರೆದರೂ ಮನೆಯವರು ಇನ್ನೂ ಹಲವು ವರ್ಷ ಅವನನ್ನು ಓದಿಸುತ್ತಾರೆ, ಅವನ ಕಾಯಿಲೆ ಕಸಾಲೆ ನೋಡಿಕೊಳ್ಳುತ್ತಾರೆ, ಕೆಲಸ ಸಿಗುವವರೆಗೆ ಕಾಯುತ್ತಾರೆ.

ಸರ್ಕಾರಿ ಬಾಲಕರ ಬಾಲಮಂದಿರದಲ್ಲಿ ಅಥವಾ ನೋಂದಾಯಿತ ಸ್ವಯಂಸೇವಾ ಸಂಸ್ಥೆಯ ಮಕ್ಕಳ ಪಾಲನಾ ಸಂಸ್ಥೆಯಲ್ಲಿ ಬೆಳೆದ ಹುಡುಗನಿಗೆ ಅದೇ ದಿನವು ಬೇರೆ ಅರ್ಥವನ್ನು ಹೊಂದಿರುತ್ತದೆ. ಮಕ್ಕಳಿಗಾಗಿ ಇರುವ ಸಂಸ್ಥೆಯಲ್ಲಿ ಅವನು ಇನ್ನು ಮಗುವಾಗಿ ಉಳಿಯಲಾರನು. ವಸತಿ, ಊಟ, ಶಾಲಾ ಶುಲ್ಕ ಮತ್ತು ಚಿಕಿತ್ಸೆ ಇವೆಲ್ಲವುಗಳ ಹೊಣೆಯು ಒಮ್ಮೆಗೇ ಅವನ ಹೆಗಲಿಗೆ ಬರುತ್ತದೆ. ಈ ಅವಧಿಯಲ್ಲಿ ಅವನಿಗೆ ಆಸರೆಯಾಗಲೆಂದು ಕಾನೂನು ಕಲ್ಪಿಸಿರುವ ವ್ಯವಸ್ಥೆಯೇ ಅನುಪಾಲನಾ ಸೇವೆ. ಸೇವೆಯ ಸ್ವರೂಪ, ಅರ್ಹತೆ, ಕಾಲಮಿತಿ ಮತ್ತು ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳ ಕುರಿತು ಯುವಕರಿಗೆ, ಅವರ ಬಂಧುಗಳಿಗೆ ಹಾಗೂ ಸಂಸ್ಥೆಗಳ ಸಿಬ್ಬಂದಿಗೆ ಮಾಹಿತಿ ನೀಡುವುದು ಈ ಪುಟದ ಉದ್ದೇಶವಾಗಿರುತ್ತದೆ.

2. ಕಾನೂನಿನ ಹಿನ್ನೆಲೆ

1986ರ ಬಾಲನ್ಯಾಯ ಅಧಿನಿಯಮದಲ್ಲಿ ಬಾಲಕರ ವಯೋಮಿತಿ 16 ವರ್ಷ ಹಾಗೂ ಬಾಲಕಿಯರ ವಯೋಮಿತಿ 18 ವರ್ಷ ಎಂದಿತ್ತು. ಇದರಿಂದ ಎಸ್.ಎಸ್.ಎಲ್.ಸಿ. ಮುಗಿಯುವ ಹೊತ್ತಿಗೇ ಬಾಲಕರು ಕಾನೂನಿನ ರಕ್ಷಣೆಯಿಂದ ಹೊರಗುಳಿಯುತ್ತಿದ್ದರು. 2001ರ ಏಪ್ರಿಲ್ 1ರಿಂದ ಜಾರಿಗೆ ಬಂದ 2000ದ ಅಧಿನಿಯಮವು ಬಾಲಕ ಮತ್ತು ಬಾಲಕಿ ಇಬ್ಬರಿಗೂ 18 ವರ್ಷಗಳ ಒಂದೇ ಮಿತಿಯನ್ನು ನಿಗದಿಪಡಿಸಿತು. ಪ್ರಸ್ತುತ ಜಾರಿಯಲ್ಲಿರುವ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಅಧಿನಿಯಮ, 2015 ದಿನಾಂಕ 15.01.2016ರಿಂದ ಜಾರಿಗೆ ಬಂದಿದೆ. 2021ರಲ್ಲಿ ಇದಕ್ಕೆ ತಿದ್ದುಪಡಿ ತರಲಾಗಿದ್ದು, ಸದರಿ ತಿದ್ದುಪಡಿಯು 2022ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ.

ಅಧಿನಿಯಮದ ಕಲಂ 2(5)ರ ಪ್ರಕಾರ, 18 ವರ್ಷ ಪೂರ್ಣಗೊಂಡು 21 ವರ್ಷ ಪೂರ್ಣಗೊಳ್ಳದ, ಸಾಂಸ್ಥಿಕ ಪಾಲನೆಯನ್ನು ಬಿಟ್ಟು ಸಮಾಜವನ್ನು ಸೇರುವ ವ್ಯಕ್ತಿಗಳಿಗೆ ಹಣಕಾಸಿನ ಅಥವಾ ಇತರೆ ರೂಪದ ನೆರವು ಒದಗಿಸುವುದೇ ಅನುಪಾಲನೆ. ಕಲಂ 46ರ ಮೇರೆಗೆ ಇಂತಹ ವ್ಯಕ್ತಿಗಳಿಗೆ ಹಣಕಾಸಿನ ನೆರವು ನೀಡಬಹುದಾಗಿದೆ. 2016ರ ಮಾದರಿ ನಿಯಮಗಳ 25ನೇ ನಿಯಮವು ಇದರ ವಿಧಾನವನ್ನು ವಿವರಿಸುತ್ತದೆ. ವಿಶೇಷ ಸಂದರ್ಭಗಳಲ್ಲಿ ಈ ನೆರವನ್ನು ಮತ್ತೆರಡು ವರ್ಷ, ಅಂದರೆ 23 ವರ್ಷ ಪೂರ್ಣಗೊಳ್ಳುವವರೆಗೆ ಮುಂದುವರಿಸಲು ಅವಕಾಶವಿದೆ.

ಇಲ್ಲಿ ಒಂದು ಅಂಶವನ್ನು ಗಮನಿಸತಕ್ಕದ್ದು. ಕಾನೂನಿನಲ್ಲಿ "ನೀಡಬಹುದು" ಎಂದಿದೆ. 18 ವರ್ಷ ತುಂಬಿದ ಮಾತ್ರಕ್ಕೆ ನೆರವು ತಾನಾಗಿಯೇ ದೊರೆಯುವುದಿಲ್ಲ. ಯುವಕನ ಅಗತ್ಯವನ್ನು ಪರಿಶೀಲಿಸಿ ವರದಿ ಸಲ್ಲಿಸಬೇಕಾಗುತ್ತದೆ ಮತ್ತು ಆ ಬಗ್ಗೆ ಆದೇಶವಾಗಬೇಕಾಗುತ್ತದೆ. ಆದ್ದರಿಂದ ಸಂಸ್ಥೆಯನ್ನು ಬಿಡುವ ಮೊದಲೇ ವಿಷಯವನ್ನು ತಿಳಿದು ಕೋರಿಕೆ ಸಲ್ಲಿಸುವುದು ಅತ್ಯಗತ್ಯ.

3. ಯಾರು ಅರ್ಹರು

(ಅ) ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇರೆಗೆ ಬಾಲಮಂದಿರದಲ್ಲಿ ಅಥವಾ ನೋಂದಾಯಿತ ಮಕ್ಕಳ ಪಾಲನಾ ಸಂಸ್ಥೆಯಲ್ಲಿದ್ದು, 18 ವರ್ಷ ಪೂರ್ಣಗೊಂಡು ಹೊರಬರುವವರು. ಅನಾಥರು, ಪರಿತ್ಯಕ್ತರು, ಪೋಷಕರಿದ್ದೂ ಅವರಿಂದ ಪಾಲನೆ ದೊರೆಯದವರು, ಬಾಲಕಾರ್ಮಿಕ ಪದ್ಧತಿಯಿಂದ ಬಿಡುಗಡೆಗೊಂಡವರು ಇದರಲ್ಲಿ ಸೇರುತ್ತಾರೆ.

(ಆ) ಕಾನೂನಿನೊಡನೆ ಸಂಘರ್ಷಕ್ಕೊಳಗಾಗಿ ಬಾಲನ್ಯಾಯ ಮಂಡಳಿಯ ಆದೇಶದ ಮೇರೆಗೆ ಸಂಸ್ಥೆಯಲ್ಲಿದ್ದು ಹೊರಬರುವವರು.

(ಇ) ಈಗಾಗಲೇ ಸಂಸ್ಥೆಯನ್ನು ಬಿಟ್ಟಿದ್ದು, ಇನ್ನೂ 21 ವರ್ಷ ಪೂರ್ಣಗೊಳ್ಳದವರು. ಕಾನೂನಿನ ವ್ಯಾಖ್ಯೆಯಲ್ಲಿ ಸಂಸ್ಥೆಯನ್ನು "ಬಿಟ್ಟಿರುವವರು" ಸಹ ಒಳಗೊಂಡಿರುವುದರಿಂದ, ಹೊರಬಂದು ಕೆಲವು ತಿಂಗಳು ಕಳೆದವರೂ ಕೋರಿಕೆ ಸಲ್ಲಿಸಬಹುದಾಗಿದೆ.

ವಸತಿ ಶಾಲೆ ಅಥವಾ ಇಲಾಖಾ ವಿದ್ಯಾರ್ಥಿನಿಲಯದಲ್ಲಿದ್ದು ಓದಿದ ಮಾತ್ರಕ್ಕೆ ಈ ಸೇವೆಗೆ ಅರ್ಹತೆ ಬರುವುದಿಲ್ಲ. ಬಾಲನ್ಯಾಯ ಅಧಿನಿಯಮದ ಅಡಿಯಲ್ಲಿ ಸಮಿತಿ ಅಥವಾ ಮಂಡಳಿಯ ಆದೇಶದ ಮೇರೆಗೆ ಸಂಸ್ಥೆಯಲ್ಲಿ ಇದ್ದವರಾಗಿರಬೇಕು.

4. ದೊರೆಯುವ ನೆರವು

ಮಾದರಿ ನಿಯಮಗಳಲ್ಲಿ ಕೆಳಕಂಡ ಸೇವೆಗಳನ್ನು ತಿಳಿಸಲಾಗಿದೆ:

• ಆರರಿಂದ ಎಂಟು ಯುವಕರು ಒಟ್ಟಾಗಿ ವಾಸಿಸುವ ಸಮೂಹ ವಸತಿ. ಇದು ತಾತ್ಕಾಲಿಕ ವ್ಯವಸ್ಥೆಯಾಗಿರುತ್ತದೆ.
• ವೃತ್ತಿ ತರಬೇತಿಯ ಅವಧಿಯಲ್ಲಿ ಅಥವಾ ಉನ್ನತ ವ್ಯಾಸಂಗದ ಅವಧಿಯಲ್ಲಿ, ಉದ್ಯೋಗ ದೊರೆಯುವವರೆಗೆ ಶಿಷ್ಯವೇತನ ಅಥವಾ ವಿದ್ಯಾರ್ಥಿವೇತನ.
• ಕೌಶಲ ತರಬೇತಿಗೆ ಸೇರಿಸುವುದು ಮತ್ತು ಉದ್ಯೋಗಕ್ಕೆ ಜೋಡಿಸುವುದು.
• ಸ್ವಂತ ಉದ್ಯೋಗ ಆರಂಭಿಸುವವರಿಗೆ ಸಾಲ ಮತ್ತು ಸಹಾಯಧನ ದೊರಕಿಸಲು ನೆರವು.
• ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆ.

ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಹಭಾಗಿತ್ವದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಲ್ಲಿ ಅನುಪಾಲನೆಗೆ ಪ್ರತಿ ವ್ಯಕ್ತಿಗೆ ಮಾಸಿಕ 4,000 ರೂ. ನಿಗದಿಪಡಿಸಲಾಗಿದೆ. ನಿಯಮಗಳ ಪ್ರಕಾರ ಈ ಹಣವನ್ನು ಯುವಕನ ಬ್ಯಾಂಕ್ ಖಾತೆಗೇ ನೇರವಾಗಿ ಜಮಾ ಮಾಡತಕ್ಕದ್ದು. ಯಾವುದೇ ಮಧ್ಯವರ್ತಿಯ ಖಾತೆಗೆ ಜಮಾ ಮಾಡಿಸುವಂತಿಲ್ಲ.

ಕೋವಿಡ್‌ನಿಂದಾಗಿ 11.03.2020 ಮತ್ತು 05.05.2023ರ ನಡುವೆ ಇಬ್ಬರೂ ಪೋಷಕರನ್ನು ಕಳೆದುಕೊಂಡು ಪಿ.ಎಂ. ಕೇರ್ಸ್ ಫಾರ್ ಚಿಲ್ಡ್ರನ್ ಯೋಜನೆಯಡಿ ನೋಂದಾಯಿತರಾದವರಿಗೆ ಪ್ರತ್ಯೇಕ ಸೌಲಭ್ಯವಿದೆ. ಅವರ ಹೆಸರಿನಲ್ಲಿ 18 ವರ್ಷ ತುಂಬುವ ವೇಳೆಗೆ 10 ಲಕ್ಷ ರೂ. ನಿಧಿ ಇರುವಂತೆ ವ್ಯವಸ್ಥೆಗೊಳಿಸಲಾಗಿದ್ದು, 18 ವರ್ಷದಿಂದ 23 ವರ್ಷದವರೆಗೆ ಅದರಿಂದ ಮಾಸಿಕ ಮೊತ್ತ ಹಾಗೂ 23 ವರ್ಷ ತುಂಬಿದಾಗ ಪೂರ್ಣ ನಿಧಿಯು ದೊರೆಯುತ್ತದೆ.

5. ಕೋರಿಕೆ ಸಲ್ಲಿಸುವ ವಿಧಾನ

ಸಂಸ್ಥೆಗೆ ಸೇರಿದ ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆಯನ್ನು ಸಿದ್ಧಪಡಿಸಬೇಕಾಗಿರುತ್ತದೆ. ಮಗುವಿನ ವಿದ್ಯಾಭ್ಯಾಸ, ಆರೋಗ್ಯ, ಆಸಕ್ತಿ ಮತ್ತು ಕುಟುಂಬದ ವಿವರಗಳು ಅದರಲ್ಲಿ ಇರುತ್ತವೆ. 18 ವರ್ಷ ಸಮೀಪಿಸಿದಾಗ ಇದರ ಮುಂದುವರಿಕೆಯಾಗಿ ಬಿಡುಗಡೆಯ ನಂತರದ ಯೋಜನೆಯನ್ನು ಸಿದ್ಧಪಡಿಸಲಾಗುತ್ತದೆ. ಪರಿವೀಕ್ಷಣಾಧಿಕಾರಿ, ಮಕ್ಕಳ ಕಲ್ಯಾಣಾಧಿಕಾರಿ ಅಥವಾ ಸಮಾಜ ಕಾರ್ಯಕರ್ತರು ಈ ಯೋಜನೆಯನ್ನು, ಯುವಕನು ಸಂಸ್ಥೆಯನ್ನು ಬಿಡುವುದಕ್ಕೆ ಎರಡು ತಿಂಗಳು ಮೊದಲು ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಬಾಲನ್ಯಾಯ ಮಂಡಳಿಗೆ ಸಲ್ಲಿಸತಕ್ಕದ್ದು. ಅದರಲ್ಲಿ ಅನುಪಾಲನೆಯ ಶಿಫಾರಸು ಇರಬೇಕು. ಸಮಿತಿ ಅಥವಾ ಮಂಡಳಿಯು ಪರಿಶೀಲಿಸಿ ಆದೇಶ ಹೊರಡಿಸುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಆದೇಶವು ಅನುಷ್ಠಾನಗೊಳ್ಳುತ್ತದೆ.

ಯುವಕನು ತಾನಾಗಿ ಮಾಡಬೇಕಾದುದು ಇಷ್ಟು: ಹದಿನೇಳೂವರೆ ವರ್ಷವಾದಾಗಲೇ ಸಂಸ್ಥೆಯ ಅಧೀಕ್ಷಕರನ್ನು ಕಂಡು ತನ್ನ ಬಿಡುಗಡೆಯ ನಂತರದ ಯೋಜನೆ ಯಾವ ಹಂತದಲ್ಲಿದೆ ಎಂದು ವಿಚಾರಿಸುವುದು, ಮುಂದೆ ಏನು ಓದಬೇಕು ಅಥವಾ ಯಾವ ಕೆಲಸ ಕಲಿಯಬೇಕು ಎಂಬ ತನ್ನ ಇಚ್ಛೆಯನ್ನು ಅದರಲ್ಲಿ ಬರೆಯಿಸುವುದು, ಸಮಿತಿಯ ಮುಂದೆ ಹಾಜರಾದಾಗ ಅದನ್ನೇ ತನ್ನ ಬಾಯಿಂದ ಹೇಳುವುದು, ಆದೇಶದ ಪ್ರತಿಯನ್ನು ಪಡೆದು ಜೋಪಾನ ಮಾಡುವುದು. ಸಂಸ್ಥೆಯನ್ನು ಈಗಾಗಲೇ ಬಿಟ್ಟವರು ತಾವು ವಾಸವಿರುವ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಸಂಸ್ಥೆಯಲ್ಲಿದ್ದ ಅವಧಿಯನ್ನು ತಿಳಿಸಿ ಸಲ್ಲಿಸಿ, ಸ್ವೀಕೃತಿ ಪಡೆಯಬಹುದು.

ಉದಾಹರಣೆ: ಒಬ್ಬ ಯುವಕನಿಗೆ ಜೂನ್ 20ರಂದು 18 ವರ್ಷ ತುಂಬುತ್ತದೆ ಎಂದು ಭಾವಿಸಿ. ಅವನ ಬಿಡುಗಡೆಯ ನಂತರದ ಯೋಜನೆಯು ಏಪ್ರಿಲ್ 20ರೊಳಗೆ ಸಮಿತಿಯ ಮುಂದೆ ಇರಬೇಕು. ಹಿಂದಿನ ಡಿಸೆಂಬರ್‌ನಲ್ಲಿಯೇ ಅವನು ಅಧೀಕ್ಷಕರಲ್ಲಿ ವಿಚಾರಿಸಿದ್ದರೆ ದಾಖಲೆಗಳಲ್ಲಿ ಹೆಸರು, ಜನ್ಮದಿನಾಂಕಗಳ ವ್ಯತ್ಯಾಸವಿದ್ದಲ್ಲಿ ಸರಿಪಡಿಸಲು ನಾಲ್ಕು ತಿಂಗಳ ಕಾಲಾವಕಾಶ ದೊರೆಯುತ್ತದೆ. ಆದೇಶವಾದಲ್ಲಿ ಮೂರು ವರ್ಷಗಳ ನಂತರದ ಜೂನ್ 20ರವರೆಗೆ, ವಿಶೇಷ ಸಂದರ್ಭದಲ್ಲಿ ಐದು ವರ್ಷಗಳ ನಂತರದ ಜೂನ್ 20ರವರೆಗೆ ನೆರವು ಇರಬಹುದು. ಯಾರೂ ವಿಚಾರಿಸದೆ, ಜೂನ್ 20ರಂದು ಬಟ್ಟೆಯ ಚೀಲ ಹಿಡಿದು ಬಸ್ ನಿಲ್ದಾಣಕ್ಕೆ ನಡೆದರೆ ಅವನ ವಿಳಾಸವೇ ಇಲಾಖೆಗೆ ಇಲ್ಲದಂತಾಗುತ್ತದೆ. ವಿಳಾಸ ತಿಳಿಯದವನಿಗೆ ನೆರವು ತಲುಪಿಸುವುದು ಕಷ್ಟ.

6. ಸಂಸ್ಥೆಯನ್ನು ಬಿಡುವ ಮುನ್ನ ಕೈಯಲ್ಲಿರಬೇಕಾದ ದಾಖಲೆಗಳು

(1) ಜನ್ಮದಿನಾಂಕದ ದಾಖಲೆ. ವಯಸ್ಸಿನ ಬಗ್ಗೆ ಸಂದೇಹವಿದ್ದಲ್ಲಿ ಅಧಿನಿಯಮದ ಕಲಂ 94ರ ಪ್ರಕಾರ ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್.ಎಸ್.ಎಲ್.ಸಿ. ಪ್ರಮಾಣಪತ್ರವನ್ನು, ಅದು ಇಲ್ಲದಿದ್ದಲ್ಲಿ ಸ್ಥಳೀಯ ಸಂಸ್ಥೆ ನೀಡಿದ ಜನನ ಪ್ರಮಾಣಪತ್ರವನ್ನು, ಎರಡೂ ಇಲ್ಲದಿದ್ದಲ್ಲಿ ಮಾತ್ರ ವೈದ್ಯಕೀಯ ಪರೀಕ್ಷೆಯನ್ನು ಪರಿಗಣಿಸಲಾಗುತ್ತದೆ. ವಯಸ್ಸನ್ನು ನಿರ್ಧರಿಸಿದ ಆದೇಶದ ಪ್ರತಿಯನ್ನು ಕೇಳಿ ಪಡೆಯಬೇಕು.

(2) ಆಧಾರ್. 15 ವರ್ಷ ತುಂಬಿದ ನಂತರ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತನ್ನು ನವೀಕರಿಸುವುದು ಕಡ್ಡಾಯವಾಗಿದೆ. ಇದು ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಸಂಸ್ಥೆಯ ಸಿಬ್ಬಂದಿಯೊಬ್ಬರ ಮೊಬೈಲ್ ಸಂಖ್ಯೆಯು ಆಧಾರ್‌ಗೆ ಜೋಡಣೆಯಾಗಿದ್ದಲ್ಲಿ, ಸ್ವಂತ ಸಂಖ್ಯೆಯನ್ನು ಪಡೆದ ಕೂಡಲೇ ಆಧಾರ್ ಸೇವಾ ಕೇಂದ್ರದಲ್ಲಿ ಬದಲಾಯಿಸಿಕೊಳ್ಳತಕ್ಕದ್ದು. ಇಲ್ಲವಾದಲ್ಲಿ ಮುಂದೆ ಪ್ರತಿ ಕೆಲಸದ ಒ.ಟಿ.ಪಿ.ಗಾಗಿ ಬೇರೆಯವರನ್ನು ಅವಲಂಬಿಸಬೇಕಾಗುತ್ತದೆ. ಬೇರೆ ವಿಳಾಸದ ದಾಖಲೆ ಇಲ್ಲದವರಿಗೆ ಮಾನ್ಯತೆ ಪಡೆದ ಸಂಸ್ಥೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ನೀಡುವ ಪ್ರಮಾಣಪತ್ರವನ್ನು ಆಧಾರ್ ಪ್ರಾಧಿಕಾರವು ಅಂಗೀಕರಿಸುತ್ತದೆ.

(3) ಬ್ಯಾಂಕ್ ಖಾತೆ. ಅಪ್ರಾಪ್ತ ವಯಸ್ಸಿನಲ್ಲಿ ತೆರೆದ ಖಾತೆಯನ್ನು 18 ವರ್ಷ ತುಂಬಿದ ನಂತರ ಹೊಸ ಮಾದರಿ ಸಹಿ ಮತ್ತು ಕೆ.ವೈ.ಸಿ. ದಾಖಲೆಗಳನ್ನು ನೀಡಿ ವಯಸ್ಕರ ಖಾತೆಯಾಗಿ ಪರಿವರ್ತಿಸಿಕೊಳ್ಳಬೇಕು. ಪಾಸ್‌ಪುಸ್ತಕವು ಯುವಕನ ಕೈಯಲ್ಲಿಯೇ ಇರಬೇಕು.

(4) ಮತದಾರರ ಗುರುತಿನ ಚೀಟಿ. ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಅರ್ಹತಾ ದಿನಾಂಕಗಳಾಗಿರುತ್ತವೆ. 17 ವರ್ಷ ಪೂರ್ಣಗೊಂಡವರು ನಮೂನೆ 6ರಲ್ಲಿ ಮುಂಗಡವಾಗಿ ಅರ್ಜಿ ಸಲ್ಲಿಸಬಹುದು. ಮೇಲಿನ ಉದಾಹರಣೆಯ ಯುವಕನು ಜುಲೈ 1ರ ಅರ್ಹತಾ ದಿನಾಂಕಕ್ಕೆ ಮತದಾರನಾಗಲು ಅರ್ಹನಾಗುತ್ತಾನೆ. ವಾಸಸ್ಥಳದ ದಾಖಲೆ ಇಲ್ಲದವರ ವಿಷಯದಲ್ಲಿ ಸ್ಥಳ ಪರಿಶೀಲನೆ ನಡೆಸಲು ಅವಕಾಶವಿದೆ.

(5) ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಿ ಸಕಾಲ ಸ್ವೀಕೃತಿಯನ್ನು ಪಡೆಯಬೇಕು. ಪೋಷಕರ ದಾಖಲೆಗಳು ಇಲ್ಲದಿದ್ದಲ್ಲಿ ವಿಚಾರಣೆಗೆ ಸಮಯ ಹಿಡಿಯುವುದರಿಂದ, ಸಂಸ್ಥೆಯಲ್ಲಿ ಇರುವಾಗಲೇ ಅಧೀಕ್ಷಕರ ನೆರವಿನಿಂದ ಅರ್ಜಿ ಸಲ್ಲಿಸುವುದು ಸೂಕ್ತ.

(6) ಅಂಕಪಟ್ಟಿಗಳು, ವರ್ಗಾವಣೆ ಪತ್ರ, ವೈದ್ಯಕೀಯ ಕಡತದ ಪ್ರತಿ ಹಾಗೂ ಸಂಸ್ಥೆಯಲ್ಲಿದ್ದ ಅವಧಿಯನ್ನು ತಿಳಿಸುವ ಪ್ರಮಾಣಪತ್ರ. ಪಾಸ್‌ಪೋರ್ಟ್ ಬೇಕಾದವರಿಗೆ, ಜನ್ಮದಿನಾಂಕದ ದಾಖಲೆ ಇಲ್ಲದಿದ್ದಲ್ಲಿ ಸಂಸ್ಥೆಯ ಮುಖ್ಯಸ್ಥರು ಅಧಿಕೃತ ಪತ್ರದಲ್ಲಿ ನೀಡುವ ದೃಢೀಕರಣವನ್ನು ಅಂಗೀಕರಿಸಲು 2016ರ ಡಿಸೆಂಬರ್‌ನಲ್ಲಿ ಅವಕಾಶ ಕಲ್ಪಿಸಲಾಗಿದೆ.

7. ವಿದ್ಯಾಭ್ಯಾಸ ಮತ್ತು ಉದ್ಯೋಗ

ಓದು ಮುಂದುವರಿಸುವವರು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಮತ್ತು ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೆ ಪ್ರಕಟಣೆ ಹೊರಟ ಕೂಡಲೇ ಅರ್ಜಿ ಸಲ್ಲಿಸಬೇಕು. ಕೈಕೆಲಸದಲ್ಲಿ ಆಸಕ್ತಿಯುಳ್ಳವರಿಗೆ ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳು ಹಾಗೂ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳು ಇವೆ. 1961ರ ಶಿಶಿಕ್ಷು ಅಧಿನಿಯಮದಡಿ ಕಾರ್ಖಾನೆಗಳಲ್ಲಿ ಶಿಷ್ಯವೇತನದೊಡನೆ ಕೆಲಸ ಕಲಿಯಬಹುದು. ಸ್ವಂತ ಉದ್ಯೋಗ ಮಾಡಬಯಸುವವರಿಗೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ಉಚಿತ ಅಲ್ಪಾವಧಿ ತರಬೇತಿ ದೊರೆಯುತ್ತದೆ. ದೇಶಾದ್ಯಂತ ಹರಡಿರುವ ಈ ವ್ಯವಸ್ಥೆಗೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯೇ ಮಾದರಿಯಾಯಿತು.

ಪದವಿ ಅಥವಾ ಡಿಪ್ಲೊಮಾ ಪೂರೈಸಿಯೂ ಆರು ತಿಂಗಳವರೆಗೆ ಉದ್ಯೋಗ ದೊರೆಯದವರಿಗೆ ರಾಜ್ಯ ಸರ್ಕಾರವು ಯುವನಿಧಿ ಯೋಜನೆಯನ್ನು ರೂಪಿಸಿದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆಯಲ್ಲಿ ಪದವೀಧರರಿಗೆ ಮಾಸಿಕ 3,000 ರೂ., ಡಿಪ್ಲೊಮಾ ಪಡೆದವರಿಗೆ 1,500 ರೂ. ಗರಿಷ್ಠ ಎರಡು ವರ್ಷದವರೆಗೆ ನಿಗದಿಯಾಗಿದೆ. ಕಟ್ಟಡ ಕೆಲಸಕ್ಕೆ ಹೋಗುವವರು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಲ್ಲಿ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು.

8. ಎಚ್ಚರಿಕೆ ವಹಿಸಬೇಕಾದ ವಿಷಯಗಳು

18 ವರ್ಷ ತುಂಬಿದವನ ಸಹಿಗೆ ಕಾನೂನಿನ ಬೆಲೆ ಇರುತ್ತದೆ. 1872ರ ಭಾರತೀಯ ಕರಾರು ಅಧಿನಿಯಮದ ಪ್ರಕಾರ ಅಪ್ರಾಪ್ತನು ಮಾಡಿದ ಕರಾರು ಅವನನ್ನು ಬಂಧಿಸುವುದಿಲ್ಲ. ವಯಸ್ಕನ ಕರಾರು ಬಂಧಿಸುತ್ತದೆ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬಾರದು. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಎಂದಿಗೂ ಸಹಿ ಹಾಕಬಾರದು. ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಲ್ಲುವುದು ಸ್ನೇಹದ ಕುರುಹೆಂದು ತೋರಿದರೂ ಸಾಲಗಾರನು ಕಟ್ಟದ ಹಣವು ಜಾಮೀನುದಾರನ ತಲೆಗೆ ಬರುತ್ತದೆ.

ಹಿಂದೆ ಮುಂದೆ ಯಾರೂ ಇಲ್ಲದ ಯುವಕನನ್ನು ಹುಡುಕಿಕೊಂಡು ಬರುವವರು ಇರುತ್ತಾರೆ. ಬ್ಯಾಂಕ್ ಖಾತೆ, ಎ.ಟಿ.ಎಂ. ಕಾರ್ಡ್ ಅಥವಾ ಸಿಮ್ ಕೊಟ್ಟರೆ ತಿಂಗಳಿಗೆ ಇಷ್ಟು ಹಣ ಎಂದು ಆಸೆ ತೋರಿಸುವವರ ಮಾತನ್ನು ನಂಬಬಾರದು. ಅಂತಹ ಖಾತೆಗಳು ವಂಚನೆಯ ಹಣ ಸಾಗಿಸಲು ಬಳಕೆಯಾಗುತ್ತವೆ ಹಾಗೂ ಪೊಲೀಸರು ಮೊದಲು ಬರುವುದು ಖಾತೆದಾರನ ಬಳಿಗೆ. ಹಾಗೆಯೇ, ಮುಂಗಡ ಹಣ ಕೊಟ್ಟು, ಅದು ತೀರುವವರೆಗೆ ಬೇರೆಡೆಗೆ ಹೋಗಬಾರದೆಂದು ಕಡಿಮೆ ಕೂಲಿಗೆ ದುಡಿಸಿಕೊಳ್ಳುವುದು 1976ರ ಜೀತ ಕಾರ್ಮಿಕ ಪದ್ಧತಿ (ರದ್ದತಿ) ಅಧಿನಿಯಮದಡಿ ಅಪರಾಧ. ಇಂತಹ ಸ್ಥಿತಿಯಲ್ಲಿರುವವರು ತಹಶೀಲ್ದಾರರಿಗೆ ಅಥವಾ ಉಪವಿಭಾಗಾಧಿಕಾರಿಗಳಿಗೆ ದೂರು ನೀಡಬಹುದು.

18 ವರ್ಷ ತುಂಬಿದರೂ ಎಲ್ಲ ಅವಕಾಶಗಳು ಒಮ್ಮೆಗೇ ತೆರೆಯುವುದಿಲ್ಲ. ಗೇರ್ ಇರುವ ದ್ವಿಚಕ್ರ ವಾಹನ ಮತ್ತು ಕಾರಿನ ಚಾಲನಾ ಪರವಾನಗಿಗೆ 18 ವರ್ಷ, ಬಾಡಿಗೆ ವಾಹನ ಮತ್ತು ಸರಕು ಸಾಗಣೆ ವಾಹನಕ್ಕೆ 20 ವರ್ಷ ಆಗಿರಬೇಕು. ಪುರುಷರ ಕನಿಷ್ಠ ವಿವಾಹ ವಯಸ್ಸು 21 ವರ್ಷ. ಕರ್ನಾಟಕದಲ್ಲಿ 2025ರಿಂದ ಜಾರಿಯಲ್ಲಿರುವ ತಿದ್ದುಪಡಿಯ ಮೇರೆಗೆ 21 ವರ್ಷದೊಳಗಿನವರಿಗೆ ತಂಬಾಕು ಉತ್ಪನ್ನ ಮಾರುವಂತಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆಗೆ ಸ್ಪರ್ಧಿಸಲು 21 ವರ್ಷ, ವಿಧಾನಸಭೆಗೆ 25 ವರ್ಷ ಆಗಿರಬೇಕು.

9. ಸ್ವತಂತ್ರ ಜೀವನಕ್ಕೆ ಸಿದ್ಧತೆ

ಸಂಸ್ಥೆಯಲ್ಲಿ ಏಳುವುದಕ್ಕೆ, ಉಣ್ಣುವುದಕ್ಕೆ, ಓದುವುದಕ್ಕೆ ಗಂಟೆ ಬಾರಿಸಲಾಗುತ್ತದೆ. ಹೊರಗೆ ಗಂಟೆ ಬಾರಿಸುವವರು ಇರುವುದಿಲ್ಲ. ಹತ್ತು ವರ್ಷ ನೂರು ಜನರ ಅಡುಗೆಯನ್ನು ಉಂಡವನಿಗೆ ಒಬ್ಬನಿಗೆ ಎಷ್ಟು ಅಕ್ಕಿ ಬೇಕು ಎಂಬುದು ತಿಳಿದಿರಲಾರದು. ಬಾಡಿಗೆಯ ಕೋಣೆ ಹಿಡಿಯುವಾಗ ಮಾಲೀಕರಿಗೆ ಮುಂಗಡ ಕೊಡಬೇಕೆಂಬುದು, ಕರಾರು ಪತ್ರ ಮಾಡಿಕೊಳ್ಳಬೇಕೆಂಬುದು, ಕರೆಂಟು ಬಿಲ್ಲು ಬೇರೆ ಬರುತ್ತದೆಂಬುದು ಹೊಸತಾಗಿರುತ್ತದೆ. ಇವು ನಾಚಿಕೆಪಡುವ ವಿಷಯಗಳಲ್ಲ. ಕಲಿಸುವವರಿಲ್ಲದೆ ಯಾರಿಗೂ ಇವು ಬರುವುದಿಲ್ಲ. ಆದ್ದರಿಂದ ಕೊನೆಯ ವರ್ಷದಲ್ಲಿ ಹುಡುಗರಿಂದ ಅಡುಗೆ ಮಾಡಿಸುವುದು, ಸಂತೆಗೆ ಕಳುಹಿಸುವುದು, ಬ್ಯಾಂಕಿನ ಚಲನ್ ತುಂಬಿಸುವುದು, ಒಂಟಿಯಾಗಿ ಬಸ್ಸಿನಲ್ಲಿ ಹೋಗಿ ಬರುವಂತೆ ಮಾಡುವುದು ಸಂಸ್ಥೆಗಳ ಕರ್ತವ್ಯವೆಂದು ಭಾವಿಸತಕ್ಕದ್ದು.

ಮೊದಲ ಸಂಬಳ ಕೈಗೆ ಬಂದಾಗ ಅದರಲ್ಲಿ ಬಾಡಿಗೆ, ಊಟ, ಪ್ರಯಾಣ ಇವುಗಳನ್ನು ತೆಗೆದಿರಿಸಿ, ಸ್ವಲ್ಪವಾದರೂ ಉಳಿಸುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ಕೆಲಸ ತಪ್ಪಿದ ತಿಂಗಳು ಮರಳಿ ಹೋಗಲು ಮನೆಯಿಲ್ಲದವನಿಗೆ ಆ ಉಳಿತಾಯವೇ ಮನೆಯಾಗಿರುತ್ತದೆ.

ಹಬ್ಬದ ದಿನ, ಜ್ವರ ಬಂದ ದಿನ, ಕೆಲಸದ ಸ್ಥಳದಲ್ಲಿ "ನಿಮ್ಮ ಊರು ಯಾವುದು, ತಂದೆ ಏನು ಮಾಡುತ್ತಾರೆ" ಎಂದು ಯಾರಾದರೂ ಕೇಳಿದ ದಿನ ಒಂಟಿತನ ಹೆಚ್ಚಾಗಿ ಕಾಡಬಹುದು. ಗಂಡಸಾದವನು ಅಳಬಾರದು, ಹೇಳಿಕೊಳ್ಳಬಾರದು ಎಂಬ ಮಾತು ಈ ವಯಸ್ಸಿನ ಯುವಕರಿಗೆ ಬಹಳ ಹಾನಿ ಮಾಡಿದೆ. ನಿದ್ರೆ ಬಾರದಿರುವುದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಕುಡಿತದ ಕಡೆಗೆ ವಾಲುವುದು, ಬದುಕೇ ಬೇಡವೆನಿಸುವುದು ಇವು ಚಿಕಿತ್ಸೆ ದೊರೆಯುವ ತೊಂದರೆಗಳಾಗಿವೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. 19 ವರ್ಷದವರೆಗಿನವರಿಗೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ಗಳಲ್ಲಿ ದೇಹ ಮತ್ತು ಮನಸ್ಸಿನ ಬದಲಾವಣೆಗಳ ಕುರಿತು ಗೌಪ್ಯವಾಗಿ ಸಲಹೆ ದೊರೆಯುತ್ತದೆ.

ಒಟ್ಟಿಗೆ ಬೆಳೆದ ಗೆಳೆಯರ ಹಾಗೂ ಹಿಂದೆ ಹೊರಬಂದ ಹಿರಿಯರ ದೂರವಾಣಿ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕು. ಊರಿಗೆ ಹೊಸಬನಾದವನಿಗೆ ಮೊದಲ ವಾರದ ವಸತಿ, ಮೊದಲ ಕೆಲಸದ ಸುಳಿವು ಸಾಮಾನ್ಯವಾಗಿ ಇವರಿಂದಲೇ ಸಿಗುತ್ತದೆ.

10. ಬಾಲನ್ಯಾಯ ಮಂಡಳಿಯ ಪ್ರಕರಣವಿದ್ದ ಯುವಕರ ಗಮನಕ್ಕೆ

ಬಾಲ್ಯದಲ್ಲಿ ಮಾಡಿದ ತಪ್ಪು ಜೀವನಪರ್ಯಂತ ಬೆನ್ನು ಹತ್ತಬಾರದೆಂಬುದು ಅಧಿನಿಯಮದ ಆಶಯ. ಕಲಂ 24ರ ಪ್ರಕಾರ, ಅಪರಾಧವೆಸಗಿದನೆಂದು ಕಂಡುಬಂದು ಅಧಿನಿಯಮದಡಿ ಕ್ರಮಕ್ಕೊಳಗಾದ ಮಗುವಿಗೆ ಅಪರಾಧ ನಿರ್ಣಯದಿಂದ ಉಂಟಾಗುವ ಯಾವುದೇ ಅನರ್ಹತೆ ಅನ್ವಯಿಸುವುದಿಲ್ಲ. ಮೇಲ್ಮನವಿಯ ಅವಧಿ ಮುಗಿದ ನಂತರ ದಾಖಲೆಗಳನ್ನು ನಾಶಪಡಿಸಬೇಕಾಗುತ್ತದೆ. 16 ವರ್ಷ ಮೇಲ್ಪಟ್ಟು ಘೋರ ಅಪರಾಧದ ಆರೋಪದಲ್ಲಿ ಮಕ್ಕಳ ನ್ಯಾಯಾಲಯವು ವಯಸ್ಕನಂತೆ ವಿಚಾರಿಸಿ ತಪ್ಪಿತಸ್ಥನೆಂದು ತೀರ್ಮಾನಿಸಿದ ಪ್ರಕರಣಗಳಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಕಲಂ 74ರ ಪ್ರಕಾರ ನಡತೆ ಪ್ರಮಾಣಪತ್ರದ ಉದ್ದೇಶಕ್ಕಾಗಿ ಮಗುವಿನ ಪ್ರಕರಣದ ದಾಖಲೆಯನ್ನು ಪೊಲೀಸರು ಬಹಿರಂಗಪಡಿಸುವಂತಿಲ್ಲ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ದ್ವಿತೀಯ ಪಿ.ಯು.ಸಿ. ಪರೀಕ್ಷೆಗೆ ಮೊದಲೇ 18 ವರ್ಷ ತುಂಬುತ್ತದೆ. ಓದು ನಿಲ್ಲುವುದೇ?
ಉತ್ತರ: ನಿಲ್ಲಬೇಕಾಗಿಲ್ಲ. ಓದು ಮುಂದುವರಿಯುವ ವಿಷಯವನ್ನು ಬಿಡುಗಡೆಯ ನಂತರದ ಯೋಜನೆಯಲ್ಲಿ ಕಾಣಿಸಿ, ವಸತಿ ಮತ್ತು ವಿದ್ಯಾರ್ಥಿವೇತನಕ್ಕೆ ಸಮಿತಿಯಿಂದ ಅನುಪಾಲನಾ ಆದೇಶ ಪಡೆಯಬೇಕು.

ಪ್ರಶ್ನೆ: ಆದೇಶ ಪಡೆಯದೆ ಸಂಸ್ಥೆಯನ್ನು ಬಿಟ್ಟು ಒಂದೂವರೆ ವರ್ಷವಾಗಿದೆ. ಈಗ ಕೋರಬಹುದೇ?
ಉತ್ತರ: 21 ವರ್ಷ ಪೂರ್ಣಗೊಂಡಿರದಿದ್ದಲ್ಲಿ ಕೋರಬಹುದು. ಕಳೆದುಹೋದ ಅವಧಿ ಮರಳಿ ಬಾರದ ಕಾರಣ ವಿಳಂಬ ಮಾಡಬಾರದು.

ಪ್ರಶ್ನೆ: ಚಿಕ್ಕಪ್ಪನ ಮನೆಗೆ ಹೋಗುತ್ತಿದ್ದೇನೆ. ನೆರವು ಸಿಗುವುದೇ?
ಉತ್ತರ: ಬಂಧುಗಳಿರುವುದು ತಾನಾಗಿ ಅನರ್ಹತೆಯಲ್ಲ. ಅಗತ್ಯವನ್ನು ಪ್ರತಿ ಪ್ರಕರಣದಲ್ಲಿಯೂ ಪ್ರತ್ಯೇಕವಾಗಿ ಪರಿಶೀಲಿಸಲಾಗುತ್ತದೆ. ಹಣವು ಯುವಕನ ಖಾತೆಗೇ ಜಮಾ ಆಗತಕ್ಕದ್ದು.

ಪ್ರಶ್ನೆ: ನಾನು ಸಂಸ್ಥೆಗೆ ಹೇಗೆ ಬಂದೆ, ನನ್ನವರು ಯಾರು ಎಂದು ತಿಳಿಯಬಹುದೇ?
ಉತ್ತರ: ಸಂಸ್ಥೆಯ ಕಡತದಲ್ಲಿರುವ ತಮ್ಮ ವಿವರಗಳನ್ನು ಕೋರಿ ಅಧೀಕ್ಷಕರಿಗೆ ಅಥವಾ ಸಮಿತಿಗೆ ಲಿಖಿತವಾಗಿ ಮನವಿ ಸಲ್ಲಿಸಬಹುದು. ಈ ವಿಷಯವನ್ನು ಆಪ್ತಸಮಾಲೋಚಕರ ಸಮ್ಮುಖದಲ್ಲಿ ತಿಳಿಯುವುದು ಒಳಿತು.

ಪ್ರಶ್ನೆ: ಅರ್ಜಿಯ ಮೇಲೆ ಕ್ರಮವಾಗದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಮಕ್ಕಳ ಕಲ್ಯಾಣ ಸಮಿತಿಗೆ ಮತ್ತು ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸಬಹುದು. ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂ. ಶುಲ್ಕದೊಡನೆ ಅರ್ಜಿಯ ಸ್ಥಿತಿಯನ್ನು ಕೇಳಿದಲ್ಲಿ 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ. ಕಾನೂನು ನೆರವಿಗೆ 15100 ಸಹಾಯವಾಣಿಗೆ ಕರೆ ಮಾಡಬಹುದು.

12. ಸಂಪರ್ಕಿಸಬೇಕಾದವರು

ಸಂಸ್ಥೆಯಲ್ಲಿ ಇರುವವರು: ಸಂಸ್ಥೆಯ ಅಧೀಕ್ಷಕರು. ಹೊರಬಂದವರು: ಆಯಾ ಜಿಲ್ಲೆಯ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಗಳು. 18 ವರ್ಷದೊಳಗಿನ ಮಗುವೊಂದು ಸಂಕಷ್ಟದಲ್ಲಿರುವುದು ಕಂಡುಬಂದಲ್ಲಿ: ಮಕ್ಕಳ ಸಹಾಯವಾಣಿ 1098. ತುರ್ತು ಸಂದರ್ಭದಲ್ಲಿ: 112.

ನೆರೆಹೊರೆಯವರು, ಬಾಡಿಗೆಗೆ ಮನೆ ನೀಡುವವರು ಹಾಗೂ ಕೆಲಸ ನೀಡುವವರಲ್ಲಿ ಒಂದು ವಿನಂತಿ. ಸಂಸ್ಥೆಯಲ್ಲಿ ಬೆಳೆದವನೆಂಬ ಕಾರಣಕ್ಕೆ ಯುವಕನನ್ನು ಸಂದೇಹದಿಂದ ಕಾಣಬಾರದು. ಅವನು ಅಲ್ಲಿ ಬೆಳೆದದ್ದು ಅವನ ತಪ್ಪಿನಿಂದಲ್ಲ. ತಂದೆ ತಾಯಿಯ ಸ್ಥಾನದಲ್ಲಿ ನಿಂತು ಸರ್ಕಾರವು ಬೆಳೆಸಿದ ಮಗನನ್ನು ಮುಂದಕ್ಕೆ ಸಮಾಜವು ತನ್ನವನೆಂದು ಒಪ್ಪಿಕೊಂಡಾಗ ಮಾತ್ರ ಅನುಪಾಲನೆಯ ಉದ್ದೇಶವು ಪೂರ್ಣಗೊಳ್ಳುತ್ತದೆ.